ನೆಟ್ ಇಲ್ಲದ ಲ್ಯಾಬಿನಲ್ಲಿ ಪೈಥಾನ್ ಕಲಿಸುವುದು ಹೇಗೆ?

ಪ್ರಶ್ನೆ: ಬ್ಯಾಡಗಿ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಲ್ಯಾಬಿನಲ್ಲಿ ವಿಂಡೋಸ್ 7 ಇರುವ 10 ಹಳೆಯ ಕಂಪ್ಯೂಟರ್‌ಗಳಿವೆ, ಇಂಟರ್‌ನೆಟ್ ಇಲ್ಲ. 9ನೇ ತರಗತಿಯ 30 ಮಕ್ಕಳಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವ ಆಸೆ. ಹಾವೇರಿಗೆ ಹೋದಾಗ ಹೊಸ ಪೈಥಾನನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದೆ. ಇನ್‌ಸ್ಟಾಲ್ ಆಗಲೇ ಇಲ್ಲ. ಇದಕ್ಕೆ ಸರ್ವರ್ ಏನಾದರೂ ಬೇಕಾ?
— ಒಬ್ಬ ಶಿಕ್ಷಕಿ

ಉತ್ತರ: ಸರ್ವರ್ ಬೇಡ ಮೇಡಂ, ನಿಮ್ಮ ಪೆನ್‌ಡ್ರೈವೇ ಸಾಕು. ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಪೈಥಾನ್ ಎಂದರೆ 3.8 ಆವೃತ್ತಿ. ಅದರ ನಂತರದ್ದು ಯಾವುದೂ ಅಲ್ಲಿ ಇನ್‌ಸ್ಟಾಲ್ ಆಗುವುದಿಲ್ಲ.

3.8 ಒಂದನ್ನೇ ಹಾಕುವ ಬದಲು ಥಾನಿ (Thonny) ಹಾಕಿ. ಹೊಸಬರಿಗೆಂದೇ ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಮಾಡಿದ, ಪೈಥಾನ್ ಪ್ರೋಗ್ರಾಂ ಬರೆದು ನಡೆಸುವ ತಂತ್ರಾಂಶ ಇದು. ದುಡ್ಡು ಕೊಡಬೇಕಿಲ್ಲ, ಪೈಥಾನ್ ಅದರೊಳಗೇ ಇರುತ್ತದೆ. 32 ಬಿಟ್ ಪೈಥಾನ್ 3.8 ಇರುವ ಇನ್‌ಸ್ಟಾಲರನ್ನೇ ಕೇಳಿ ತನ್ನಿ. ಕಂಪ್ಯೂಟರಿನಲ್ಲಿ ವಿಂಡೋಸ್ 7ರ ಅಪ್‌ಡೇಟ್ ಆದ ಸರ್ವಿಸ್ ಪ್ಯಾಕ್ 1 ಇದೆಯಾ ನೋಡಿಕೊಳ್ಳಿ. ಮೊದಲು ಒಂದರಲ್ಲಿ ಹಾಕಿ, ಒಂದು ದಿನ ಬಳಸಿ, ಆಮೇಲೆ ಉಳಿದ ಒಂಬತ್ತಕ್ಕೆ ಹಾಕಿ. ಪೆನ್‌ಡ್ರೈವಿನ ವೈರಸ್ ನೋಡಿಸುವುದನ್ನು ಮರೆಯಬೇಡಿ.

ಇನ್ನು ಪಾಠ. ನಿಮ್ಮೂರ ಮಕ್ಕಳಿಗೆ ಮೆಣಸಿನಕಾಯಿ ಚೀಲದ ಲೆಕ್ಕ ಹೇಳಿಕೊಡಬೇಕಿಲ್ಲ, ಅಲ್ವಾ? ಅಲ್ಲಿಂದಲೇ ಶುರು ಮಾಡಿ. ಎರಡು ಚೀಲದ ತೂಕವನ್ನು ಇನ್‌ಪುಟ್ ಎಂಬ ಆದೇಶದಿಂದ ಕೇಳಿ, ಕೂಡಿಸುವ ಪ್ರೋಗ್ರಾಂ ಬರೆಸಿ. 40 ಮತ್ತು 50 ಕೊಟ್ಟರೆ ಉತ್ತರ 4050 ಬರುತ್ತದೆ! ತಕ್ಷಣ ಸರಿ ಮಾಡಿಕೊಡಬೇಡಿ. ಥಾನಿಯ ವ್ಯೂ ಮೆನುವಿನಲ್ಲಿ ವೇರಿಯೇಬಲ್ಸ್ ತೆರೆಯಿರಿ. ವೇರಿಯೇಬಲ್ ಎಂದರೆ ಪ್ರೋಗ್ರಾಂ ಒಂದು ಹೆಸರು ಕೊಟ್ಟು ನೆನಪಿಟ್ಟುಕೊಳ್ಳುವ ಮೌಲ್ಯ. ಅಲ್ಲಿ 40ರ ಎರಡೂ ಬದಿಗೆ ಉದ್ಧರಣ ಚಿಹ್ನೆ ಕಾಣುತ್ತದೆ. ಕಂಪ್ಯೂಟರ್ ಅದನ್ನು ಸಂಖ್ಯೆ ಎಂದಲ್ಲ, ಬರಹ ಎಂದು ತಿಳಿದಿದೆ. ಎರಡು ಬರಹ ಕೂಡಿದರೆ ಪಕ್ಕಪಕ್ಕ ನಿಲ್ಲುತ್ತವೆ, ಅಷ್ಟೇ. ಇದನ್ನು ಮಕ್ಕಳೇ ಕಂಡುಹಿಡಿಯಲಿ. ಒಂದು ಪೀರಿಯಡ್ ಪೂರ್ತಿ ಹೋದರೂ ಪರವಾಗಿಲ್ಲ. ಆಮೇಲೆ ಬರಹವನ್ನು ಸಂಖ್ಯೆಯಾಗಿ ಬದಲಿಸುವ ಇಂಟ್ ಆದೇಶ ಯಾಕೆ ಬೇಕು ಎಂದು ನೀವು ಹೇಳುವುದೇ ಬೇಡ. ಥಾನಿಯನ್ನು ನಾನು ಇಷ್ಟಪಡುವುದು ಇದಕ್ಕೇ: ಒಳಗೆ ನಡೆಯುವುದನ್ನು ಕಣ್ಣಿಗೆ ತೋರಿಸುತ್ತದೆ. ಕಂಟ್ರೋಲ್ ಹಿಡಿದು ಎಫ್5 ಒತ್ತಿ, ನಂತರ ಎಫ್7 ಒತ್ತುತ್ತಾ ಹೋದರೆ ಪ್ರೋಗ್ರಾಂ ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತದೆ.

ವೇರಿಯೇಬಲ್‌ಗೆ ತೂಕ, ದರ ಎಂದು ಕನ್ನಡದಲ್ಲೇ ಹೆಸರಿಡಬಹುದು. ಪೈಥಾನ್ 3 ಅದನ್ನು ಒಪ್ಪುತ್ತದೆ. ಆದರೆ ಯೂನಿಕೋಡ್‌ನಲ್ಲೇ ಟೈಪ್ ಮಾಡಬೇಕು, ಹಳೆಯ ನುಡಿ ಫಾಂಟ್ ನಡೆಯುವುದಿಲ್ಲ. ಇನ್ನೊಂದು ಚೆಂದದ ವಿಷಯ: ಇನ್‌ಪುಟ್ ಕೇಳಿದಾಗ ೪೦ ಎಂದು ಕನ್ನಡ ಅಂಕಿ ಕೊಟ್ಟರೂ ಇಂಟ್ ಅದನ್ನು 40 ಎಂದೇ ಓದುತ್ತದೆ. ಪ್ರೋಗ್ರಾಂ ಒಳಗೆ ನೇರವಾಗಿ ೪೦ ಬರೆದರೆ ಮಾತ್ರ ತಪ್ಪು ತೋರಿಸುತ್ತದೆ.

ಕಂಪ್ಯೂಟರಿಗೆ ಮೂವರು ಕೂರುತ್ತಾರೆ. ಒಬ್ಬರು ಟೈಪ್ ಮಾಡಲಿ, ಒಬ್ಬರು ಸಾಲು ಹೇಳಲಿ, ಇನ್ನೊಬ್ಬರು ಎರರ್ ಬಂದರೆ ಗಟ್ಟಿಯಾಗಿ ಓದಲಿ. ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸಿ, ಇಲ್ಲದಿದ್ದರೆ ಚುರುಕಿನ ಮಗುವೇ ಕೀಬೋರ್ಡ್ ಹಿಡಿದು ಕೂರುತ್ತದೆ. ಕರೆಂಟ್ ಹೋಗುವ ಮೊದಲೇ ಆಗಾಗ ಕಂಟ್ರೋಲ್ ಎಸ್ ಒತ್ತುವ ರೂಢಿ ಮಾಡಿಸಿ.

ಚಿತ್ರ ಬಿಡಿಸುವ ಟರ್ಟಲ್‌ಗೂ ನೆಟ್ ಬೇಡ, ಅದು ಪೈಥಾನ್ ಜೊತೆಗೇ ಬರುತ್ತದೆ. ಆದರೆ ಮಕ್ಕಳು ತಮ್ಮ ಫೈಲಿಗೂ ಟರ್ಟಲ್ ಎಂದೇ ಹೆಸರಿಟ್ಟುಬಿಡುತ್ತಾರೆ. ಆಗ ಪೈಥಾನ್ ನಿಜವಾದ ಟರ್ಟಲ್ ಬಿಟ್ಟು ಮಕ್ಕಳ ಫೈಲನ್ನೇ ತೆರೆಯುತ್ತದೆ, ಏನೂ ನಡೆಯುವುದಿಲ್ಲ. ಆ ಫೈಲಿನ ಹೆಸರು ಬದಲಿಸಿ, ಸರಿಹೋಗುತ್ತದೆ.