ಬಿಚ್ಚದೆ ಉಳಿದ ಆಟಿಕೆಯ ಪೊಟ್ಟಣ

ಆತ್ಮೀಯರೆ,

ಫ್ರೆಂಚ್ ಲೇಖಕ ಫ್ಲೊಬೇರ್‌ನ ‘ಮದಾಂ ಬೊವಾರಿ’ ಕಾದಂಬರಿಯ ಎಮ್ಮಾ ಬೊವಾರಿ, ರಷ್ಯದ ಟಾಲ್‌ಸ್ಟಾಯ್‌ನ ‘ಅನ್ನಾ ಕರೆನಿನಾ’ದ ಅನ್ನಾ ಇಬ್ಬರೂ ಗಂಡನಿದ್ದೂ ಬೇರೆಯವರಿಗೆ ಒಲಿದರು, ಇಬ್ಬರೂ ತಾವಾಗಿ ಪ್ರಾಣ ಬಿಟ್ಟರು. ಹಾಗಾದರೆ ಫ್ಲೊಬೇರ್, ಟಾಲ್‌ಸ್ಟಾಯ್ ಇಬ್ಬರೂ ದಾರಿ ತಪ್ಪಿದ ಹೆಣ್ಣನ್ನು ಶಿಕ್ಷಿಸಿದ ಗಂಡಸರೇ ಅಲ್ಲವೆ ಎಂದು ಕೇಳಿದ್ದೀರಿ.

ಕಥಾಸಾರವನ್ನಷ್ಟೇ ನೋಡಿದರೆ ಹೌದೆನ್ನಿಸುತ್ತದೆ. ಆದರೆ ಇಬ್ಬರೂ ತಾಯಂದಿರು. ಆ ಪುಟಗಳನ್ನು ಇನ್ನೊಮ್ಮೆ ಓದಿ.

ಎಮ್ಮಾಳ ಪುಟ್ಟ ಮಗಳು ಬೆರ್ತ್ ಅಮ್ಮನ ಏಪ್ರನ್ನಿನ ದಾರ ಹಿಡಿದು ಜಗ್ಗುತ್ತಾಳೆ. ಎಮ್ಮಾ ಮೊಣಕೈಯಿಂದ ನೂಕುತ್ತಾಳೆ. ಮಗು ಬಿದ್ದು ಕೆನ್ನೆ ಕೊಯ್ದು ರಕ್ತ ಸುರಿಯುತ್ತದೆ. ಆಡುತ್ತ ಬಿದ್ದಳೆಂದು ಗಂಡನಿಗೆ ಹೇಳಿ, ಮಲಗಿದ ಮಗುವಿನ ಪಕ್ಕ ಕೂತು, ಎಷ್ಟು ಕುರೂಪಿ ಇದು ಅಂದುಕೊಳ್ಳುತ್ತಾಳೆ. ಫ್ಲೊಬೇರ್ ತಾನಾಗಿ ಒಂದು ಮಾತೂ ಸೇರಿಸುವುದಿಲ್ಲ.

ಅನ್ನಾ ಮಗನ ಹುಟ್ಟುಹಬ್ಬದ ಬೆಳಿಗ್ಗೆ, ತಾನು ಬಿಟ್ಟುಹೋದ ಮನೆಗೆ ಕದ್ದು ಬರುತ್ತಾಳೆ. ಅಮ್ಮ ಸತ್ತಳೆಂದು ಸೆರ್ಯೋಜಾನಿಗೆ ಹೇಳಿರುತ್ತಾರೆ, ಅವನು ನಂಬಿರುವುದಿಲ್ಲ. ನಿದ್ದೆಗಣ್ಣಿನ ಮಗನನ್ನು ಅಪ್ಪಿಕೊಂಡು ಅಳುವಷ್ಟರಲ್ಲಿ ಗಂಡ ಬಂದೇಬಿಡುತ್ತಾನೆ. ಹಿಂದಿನ ದಿನ ಅಷ್ಟು ಪ್ರೀತಿಯಿಂದ, ಅಷ್ಟು ನೋವಿನಿಂದ ಆರಿಸಿ ಕೊಂಡ ಆಟಿಕೆಗಳ ಪೊಟ್ಟಣ ಬಿಚ್ಚದೆ ಹಾಗೇ ಅವಳ ಜೊತೆ ವಾಪಸು ಹೋಗುತ್ತದೆ. ಈ ಪುಟ ದಾಟಲು ನನಗೆ ಪ್ರತಿಸಲವೂ ಕಷ್ಟವಾಗುತ್ತದೆ. ಶಿಕ್ಷಿಸಲು ಕೂತವನಿಗೆ ಆ ಪೊಟ್ಟಣದ ನೆನಪು ಇರುತ್ತಿರಲಿಲ್ಲ.

ನಿಮ್ಮ ಮಾತಿಗೆ ಆಧಾರವಿಲ್ಲವೆನ್ನಲಾರೆ. ಮುಯ್ಯಿ ತೀರಿಸುವುದು ದೇವರ ಕೆಲಸವೆಂಬ ಬೈಬಲ್ ವಾಕ್ಯವನ್ನು ಟಾಲ್‌ಸ್ಟಾಯ್ ಕಾದಂಬರಿಯ ಮೊದಲಿಗೇ ಇಟ್ಟ. ಆದರೆ 1872ರ ಜನವರಿಯಲ್ಲಿ, ಅವನ ನೆರೆಯ ಜಮೀನುದಾರ ಕೈಬಿಟ್ಟ ಅನ್ನಾ ಎಂಬ ಹೆಂಗಸು, ಕಾದಂಬರಿಯ ಅನ್ನಾಳ ಹಾಗೆಯೇ, ರೈಲಿಗೆ ತಲೆಕೊಟ್ಟಾಗ ಹೋಗಿ ಆ ಶವ ನೋಡಿದವನೂ ಅವನೇ. ಮುಯ್ಯಿ ದೇವರದಾದರೆ ಪೀಟರ್ಸ್‌ಬರ್ಗಿನ ನಾಟಕಶಾಲೆಯಲ್ಲಿ ಅನ್ನಾಳನ್ನು ಅವಮಾನಿಸಿದವರಿಗೆ ಆ ಹಕ್ಕು ಎಲ್ಲಿಂದ ಬಂತು? ಆ ವಾಕ್ಯವನ್ನು ನಾನು ಹೀಗೇ ಓದಿಕೊಂಡಿದ್ದೇನೆ.

ಫ್ಲೊಬೇರ್‌ನದು ಇದಕ್ಕೆ ತದ್ವಿರುದ್ಧ. 1857ರಲ್ಲಿ, ಎಮ್ಮಾಳ ಕಾದಂಬರಿ ಸಾರ್ವಜನಿಕ ನೀತಿಗೆ, ಧರ್ಮಕ್ಕೆ ಅಪಚಾರವೆಂದು ಪ್ಯಾರಿಸ್ಸಿನಲ್ಲಿ ಅವನ ಮೇಲೆ ಮೊಕದ್ದಮೆ ನಡೆಯಿತು. ಈ ಹೆಂಗಸನ್ನು ಖಂಡಿಸಬಲ್ಲ ಒಬ್ಬನೂ ಕಾದಂಬರಿಯಲ್ಲಿಲ್ಲ ಎಂಬುದು ಸರ್ಕಾರಿ ವಕೀಲ ಪಿನಾರ್‌ನ ತಕರಾರು. ಫೆಬ್ರವರಿ 7ರಂದು ಖುಲಾಸೆಯಾಯಿತು. ಎಮ್ಮಾ ವಿಷ ತಿಂದದ್ದೂ ಪಾಪಭೀತಿಯಿಂದಲ್ಲ. ಬಟ್ಟೆ ವ್ಯಾಪಾರಿಯ ಸಾಲ ಕುತ್ತಿಗೆಗೆ ಬಂದಿತ್ತು. ಪ್ರೇಮಿಗಳ ಮುಂದೆ ಕೈಚಾಚಿದರೂ ದುಡ್ಡು ಹುಟ್ಟಲಿಲ್ಲ.

ಫ್ಲೊಬೇರ್‌ಗೆ ಎಮ್ಮಾಳ ಮೇಲೆ ಕರುಣೆಯೇ ಇಲ್ಲವೆಂದು ಬರೆದಿದ್ದೀರಲ್ಲ, ಅವಳನ್ನು ಮಣ್ಣು ಮಾಡಿದ ರಾತ್ರಿಯನ್ನು ನೋಡಿ. ಅವಳ ಮೊದಲ ಪ್ರೇಮಿ ರೊಡೋಲ್ಫ್ ತನ್ನ ಬಂಗಲೆಯಲ್ಲಿ ನೆಮ್ಮದಿಯಾಗಿ ಮಲಗಿದ್ದಾನೆ. ಇನ್ನೊಬ್ಬ ಪ್ರೇಮಿ ಲಿಯೋನನೂ ಮಲಗಿದ್ದಾನೆ. ಗಂಡ ಶಾರ್ಲ್ ಎಚ್ಚರವಾಗಿದ್ದಾನೆ. ಔಷಧಿ ಅಂಗಡಿಯ ಹುಡುಗ ಜಸ್ಟಿನ್, ಯಾರಿಗೂ ಹೇಳದೆ ಅವಳನ್ನು ಪ್ರೀತಿಸಿದವನು, ಕತ್ತಲಲ್ಲಿ ಗೋರಿಯ ಮೇಲೆ ಮೊಣಕಾಲೂರಿ ಬಿಕ್ಕಿಬಿಕ್ಕಿ ಅಳುತ್ತಿದ್ದಾನೆ.

– ಸಂ.