ಅದೇ ಸೀಕ್ವೆನ್ಸ್, ಬೇರೆ ರಿಸಲ್ಟ್: ಜೀನೋಮ್ ಹೋಲಿಸೋ ಆನ್‌ಲೈನ್ ಟೂಲ್‌ಗಳಲ್ಲಿ ಏನೇನು ಬದಲಾಗಿದೆ

ಪ್ರಶ್ನೆ (ಧಾರವಾಡದಿಂದ ಎಂಎಸ್ಸಿ ಬಯೋಟೆಕ್ ವಿದ್ಯಾರ್ಥಿನಿ): ಸರ್, ನಮ್ಮ ಸೀನಿಯರ್ 2023ರಾಗ ಪ್ರಾಜೆಕ್ಟಿಗೆ ಬ್ಲಾಸ್ಟ್ (ಕೊಟ್ಟ ಡಿಎನ್ಎ ಇಲ್ಲಾ ಪ್ರೋಟೀನ್ ಅಕ್ಷರಸಾಲಿಗೆ, ಅಂದ್ರ ಸೀಕ್ವೆನ್ಸಿಗೆ, ಹೋಲೋ ಸಾಲುಗಳನ್ನ ಡೇಟಾಬೇಸ್‌ನ್ಯಾಗ ಹುಡುಕೋ ಟೂಲ್) ಮಾಡಿದ್ರು. ಅದ ಸೀಕ್ವೆನ್ಸ್ ಈಗ ನಾ ಹಾಕಿದ್ರ ಹಿಟ್ ಲಿಸ್ಟ್ (ಹೋಲೋ ಸೀಕ್ವೆನ್ಸ್‌ಗಳ ಪಟ್ಟಿ) ಬ್ಯಾರೆ ಬರಾಕತ್ತೈತಿ, ಇ-ವ್ಯಾಲ್ಯೂನೂ ಬ್ಯಾರೆ. ನಮ್ಮ ಗೈಡ್ ನೋಡಿದ್ರ ನೀನ ಏನೋ ತಪ್ಪ ಮಾಡೀದಿ ಅಂತಾರ. ತಪ್ಪು ಎಲ್ಲೈತ್ರಿ?

ಉತ್ತರ: ತಪ್ಪು ನಿಮ್ಮದಲ್ಲಮ್ಮ, ನಿಮ್ಮ ಸೀನಿಯರ್‌ದೂ ಅಲ್ಲ. ನೀವಿಬ್ರೂ ಹುಡುಕಿರೋದು ಬೇರೆ ಬೇರೆ ಡೇಟಾಬೇಸ್‌ನಲ್ಲಿ, ಅಷ್ಟೇ. ಬ್ಲಾಸ್ಟ್ ನಡೆಸೋ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಸಿಬಿಐನವರು 2024ರಲ್ಲಿ ನ್ಯೂಕ್ಲಿಯೋಟೈಡ್ (ಡಿಎನ್ಎ ಅಕ್ಷರಗಳ) ಬ್ಲಾಸ್ಟ್‌ನ ಡೀಫಾಲ್ಟ್ ಡೇಟಾಬೇಸನ್ನ ಹಳೇ ಎನ್‌ಟಿಯಿಂದ ಕೋರ್-ಎನ್‌ಟಿಗೆ ಬದಲಾಯಿಸಿದ್ರು. ಯಾಕಂದ್ರೆ ಎನ್‌ಟಿ ಒಳಗೆ ಗಿಡ, ಪ್ರಾಣಿಗಳ ಪೂರ್ತಿ ಕ್ರೋಮೋಸೋಮ್ ಸೀಕ್ವೆನ್ಸ್‌ಗಳು ಬಂದು ತುಂಬಿಕೊಂಡು ಅದು ವಿಪರೀತ ದೊಡ್ಡದಾಗಿತ್ತು, ಸರ್ಚ್ ನಿಧಾನ ಆಗ್ತಿತ್ತು. ಅಂಥ ಯೂಕ್ಯಾರಿಯೋಟ್ (ಕೋಶದೊಳಗೆ ನ್ಯೂಕ್ಲಿಯಸ್ ಇರೋ ಜೀವಿಗಳ) ಕ್ರೋಮೋಸೋಮ್‌ಗಳಲ್ಲಿ ಬಹುಪಾಲು ತೆಗೆದುಹಾಕಿ ಉಳಿಸಿಕೊಂಡಿದ್ದೇ ಕೋರ್-ಎನ್‌ಟಿ, ಹಳೇದರ ಅರ್ಧಕ್ಕಿಂತ ಚಿಕ್ಕದು. ಹಾಗಾಗಿ ನಿಮ್ಮ ಸೀನಿಯರ್‌ಗೆ ಯಾವುದೋ ಗಿಡದ ಕ್ರೋಮೋಸೋಮಿನ ಮಧ್ಯ ಸಿಕ್ಕಿದ್ದ ಹಿಟ್ ನಿಮಗೆ ಕಾಣದೇ ಇರಬಹುದು. ಅದು ಬೇಕೇ ಬೇಕು ಅಂದ್ರೆ ಡೇಟಾಬೇಸ್ ಪಟ್ಟಿಯಲ್ಲಿ ಎನ್‌ಟಿ ಆರಿಸಿ, ಇಲ್ಲಾ ಆ ಜಾತಿಯ ಜೀನೋಮ್ (ಪೂರ್ತಿ ಡಿಎನ್ಎ) ಮೇಲೇ ನೇರವಾಗಿ ಬ್ಲಾಸ್ಟ್ ಮಾಡಿ.

ಇ-ವ್ಯಾಲ್ಯೂ ವಿಷಯ ಇನ್ನೂ ಸರಳ. ಇಂಥ ಹೋಲಿಕೆ ಬರೀ ಆಕಸ್ಮಿಕವಾಗಿ ಎಷ್ಟು ಸಲ ಸಿಗಬಹುದು ಅನ್ನೋ ಅಂದಾಜು ಅದು. ಅದರ ಲೆಕ್ಕದಲ್ಲೇ ಡೇಟಾಬೇಸ್ ಸೈಜು ಗುಣಾಕಾರ ಆಗಿ ಕೂತಿದೆ, ಡೇಟಾಬೇಸ್ ಅರ್ಧ ಆದ್ರೆ ಅದೇ ಅಲೈನ್‌ಮೆಂಟಿಗೆ (ಎರಡು ಸೀಕ್ವೆನ್ಸನ್ನ ಅಕ್ಷರಕ್ಕೆ ಅಕ್ಷರ ಜೋಡಿಸಿದ್ದಕ್ಕೆ) ಇ-ವ್ಯಾಲ್ಯೂನೂ ಹೆಚ್ಚುಕಮ್ಮಿ ಅರ್ಧ ಆಗುತ್ತೆ. ಬಿಟ್ ಸ್ಕೋರ್ (ಹೋಲಿಕೆ ಎಷ್ಟು ಗಟ್ಟಿ ಅನ್ನೋ ಅಂಕ) ಹಾಗಲ್ಲ, ಸ್ಕೋರಿಂಗ್ ಸೆಟ್ಟಿಂಗ್ ಒಂದೇ ಇದ್ರೆ ಡೇಟಾಬೇಸ್ ಬದಲಾದ್ರೂ ಅದು ಬದಲಾಗಲ್ಲ. ಅದಕ್ಕೇ ಇಬ್ಬರ ರಿಸಲ್ಟ್ ಹೋಲಿಸುವಾಗ ಬಿಟ್ ಸ್ಕೋರ್, ಕ್ವೆರಿ ಕವರೇಜ್ (ಕೊಟ್ಟ ಸೀಕ್ವೆನ್ಸಲ್ಲಿ ಎಷ್ಟು ಭಾಗ ಹೊಂದಿತು), ಪರ್ಸೆಂಟ್ ಐಡೆಂಟಿಟಿ (ಹೊಂದಿದ ಭಾಗದಲ್ಲಿ ಎಷ್ಟು ಅಕ್ಷರ ಒಂದೇ) ಮೂರನ್ನೂ ಪಕ್ಕಪಕ್ಕ ಇಟ್ಟು ನಿಮ್ಮ ಗೈಡ್‌ಗೆ ತೋರಿಸಿ, ಅವರಿಗೇ ಗೊತ್ತಾಗುತ್ತೆ.

ಪ್ರೋಟೀನ್ ಬ್ಲಾಸ್ಟ್ ಮಾಡೋರಿಗೂ ಒಂದು ಮಾತು. ಅಲ್ಲಿ ಕ್ಲಸ್ಟರ್ಡ್-ಎನ್ಆರ್ ಅಂತ ಒಂದು ಡೇಟಾಬೇಸ್ ಇದೆ. 90 ಪರ್ಸೆಂಟ್ ಹೋಲಿಕೆ, 90 ಪರ್ಸೆಂಟ್ ಉದ್ದ ಹೊಂದೋ ಪ್ರೋಟೀನ್‌ಗಳನ್ನೆಲ್ಲ ಒಂದು ಗುಂಪು ಮಾಡಿ ಒಂದನ್ನ ಮಾತ್ರ ಮುಂದೆ ತೋರಿಸ್ತಾರೆ. ರೇಷನ್ ಕಾರ್ಡ್ ಮನೆ ಯಜಮಾನರ ಹೆಸರಲ್ಲಿರುತ್ತೆ, ಒಳಗೆ ಬಿಡಿಸಿದ್ರೆ ಎಲ್ಲರ ಹೆಸರೂ ಇರುತ್ತೆ, ಹಾಗೆ. ನೀವು ರಾಗಿ ಪ್ರೋಟೀನ್ ಹಾಕಿದಾಗ ಮೇಲೆ ಜೋಳದ ಹೆಸರು ಬಂತು ಅಂತ ರಾಗಿದು ಇಲ್ಲವೇ ಇಲ್ಲ ಅಂತ ಬರೆದುಬಿಡಬೇಡಿ, ಕ್ಲಸ್ಟರ್ ಓಪನ್ ಮಾಡಿ ಮೆಂಬರ್‌ಗಳನ್ನ ನೋಡಿ. ಇದು ನನಗೆ ತುಂಬಾ ಇಷ್ಟವಾದ ಬದಲಾವಣೆ. ಮೊದಲೆಲ್ಲ ಹೆಚ್ಚು ಸಲ ಸೀಕ್ವೆನ್ಸ್ ಮಾಡಿರೋ ಬ್ಯಾಕ್ಟೀರಿಯಾ ಏನಾದ್ರೂ ಸಿಕ್ಕಿದ್ರೆ ನೂರು ಹಿಟ್‌ಗಳೂ ಅದೇ ಜಾತಿಯವು ಬಂದು ದೂರದ ಸಂಬಂಧಿಗಳು ಕಾಣ್ತಾನೇ ಇರ್ಲಿಲ್ಲ, ಈಗ ಕಾಣ್ತವೆ.

ಪ್ರಾಜೆಕ್ಟ್ ರಿಪೋರ್ಟಲ್ಲಿ ಬರೀ ಬ್ಲಾಸ್ಟ್ ಮಾಡಿದೆ ಅಂತ ಬರೆದ್ರೆ ಸಾಲಲ್ಲ. ಯಾವ ಡೇಟಾಬೇಸ್, ಯಾವ ತಾರೀಖು, ಯಾವ ಸೆಟ್ಟಿಂಗ್ ಅಂತ ಒಂದು ಸಾಲು ಸೇರಿಸಿ. ನಿಮ್ಮ ಸೀನಿಯರ್ ಆ ಸಾಲು ಬರೆದಿದ್ರೆ ನೀವು ಇಷ್ಟು ಒದ್ದಾಡಬೇಕಾಗ್ತಿರ್ಲಿಲ್ಲ.

ಪ್ರಶ್ನೆ (ಮಂಡ್ಯದಿಂದ ಕೃಷಿ ಕಾಲೇಜಿನ ಅಧ್ಯಾಪಕರು): ನಮ್ಮಲ್ಲಿ ಸರ್ವರ್ ಇಲ್ಲ, ಲಿನಕ್ಸ್ ಗೊತ್ತಿರೋ ಹುಡುಗರೂ ಕಮ್ಮಿ. ರಾಗಿ ಮತ್ತು ಭತ್ತದ ಜೀನೋಮ್ ಹೋಲಿಸಿ ಮಕ್ಕಳಿಗೆ ತೋರಿಸಬೇಕು. ಹೊಸ ಟೂಲ್‌ಗಳಲ್ಲಿ ಯಾವುದು ಆಗುತ್ತೆ?

ಉತ್ತರ: ರಾಗಿ ಆರಿಸಿಕೊಂಡಿದ್ದು ಬಹಳ ಒಳ್ಳೇದಾಯ್ತು ಸರ್, ಇದಕ್ಕಿಂತ ಚೆಂದದ ಉದಾಹರಣೆ ಕ್ಲಾಸಿಗೆ ಸಿಗೋದು ಕಷ್ಟ. ಭತ್ತಕ್ಕೆ 12 ಜೊತೆ ಕ್ರೋಮೋಸೋಮು. ರಾಗಿಯಲ್ಲಿ ಒಟ್ಟು 36, ಅಂದ್ರೆ ಎ ಮತ್ತು ಬಿ ಅಂತ ಎರಡು ಸಬ್‌ಜೀನೋಮು (ಒಂದೇ ಗಿಡದಲ್ಲಿ ಸೇರಿಕೊಂಡಿರೋ ಎರಡು ಜೀನೋಮ್‌ಗಳು), ಒಂದೊಂದರಲ್ಲಿ 9 ಜೊತೆ. ಭತ್ತದ 12ಕ್ಕೆ ರಾಗಿಯ 9 ಹೇಗೆ ಹೊಂದುತ್ತೆ ಅಂತ 2007ರಲ್ಲೇ ಮಾರ್ಕರ್ ಮ್ಯಾಪ್ (ಕ್ರೋಮೋಸೋಮ್ ಮೇಲಿನ ಗುರುತುಗಳ ನಕ್ಷೆ) ಇಟ್ಟುಕೊಂಡು ತೋರಿಸಿದ್ರು. ರಾಗಿಯ ಆರು ಕ್ರೋಮೋಸೋಮ್ ಭತ್ತದ ಒಂದೊಂದಕ್ಕೆ ನೇರ ಹೊಂದ್ತವೆ, ಉಳಿದ ಮೂರರಲ್ಲಿ ಭತ್ತದ ಎರಡೆರಡು ಸೇರಿಕೊಂಡಿವೆ: ಭತ್ತದ 2ರ ಒಳಗೆ 10, 5ರ ಒಳಗೆ 12, 6ರ ಒಳಗೆ 9. ತುದಿಗೆ ತುದಿ ಅಂಟಿಕೊಂಡಿರೋದಲ್ಲ, ಒಂದರ ಸೆಂಟ್ರೋಮಿಯರ್ (ಕ್ರೋಮೋಸೋಮಿನ ಸೊಂಟದಂಥ ಭಾಗ) ಜಾಗದಲ್ಲಿ ಇನ್ನೊಂದು ಇಡಿಯಾಗಿ ಹೊಕ್ಕಿಕೊಂಡಿರೋದು. ಸ್ಕ್ರೀನ್ ಮೇಲೆ ರಾಗಿಯ 2ನೇ ಕ್ರೋಮೋಸೋಮ್ ಉದ್ದಕ್ಕೂ ಮೌಸ್ ಎಳ್ಕೊಂಡು ಹೋದ್ರೆ ಮೊದಲು ಭತ್ತದ 2 ಬರುತ್ತೆ, ಮಧ್ಯದಲ್ಲಿ ಇದ್ದಕ್ಕಿದ್ದಂಗೆ 10 ಶುರುವಾಗುತ್ತೆ, ಅದು ಮುಗಿದ ಮೇಲೆ ಮತ್ತೆ 2. ಇದನ್ನ ಮಕ್ಕಳು ಅವರೇ ಕಂಡುಹಿಡೀಲಿ, ಮೊದಲೇ ಹೇಳಬೇಡಿ.

ಈಗ ಟೂಲ್ ವಿಷಯ. ಎನ್‌ಸಿಬಿಐನ ಕಂಪ್ಯಾರಟಿವ್ ಜೀನೋಮ್ ವ್ಯೂವರ್ ನೋಡೋಕೆ ತುಂಬಾ ಚೆನ್ನಾಗಿದೆ, ಎರಡು ಜೀನೋಮಿನ ಕ್ರೋಮೋಸೋಮ್‌ಗಳ ಮಧ್ಯ ಬಣ್ಣದ ಪಟ್ಟಿ ಎಳೆದು ತೋರಿಸುತ್ತೆ, ದಿಕ್ಕು ತಿರುಗಿರೋ ಭಾಗಕ್ಕೆ ಬೇರೆ ಬಣ್ಣ, ಡಾಟ್ ಪ್ಲಾಟೂ (ಹೊಂದೋ ಜಾಗಗಳನ್ನ ಚುಕ್ಕಿಯಿಟ್ಟು ತೋರಿಸೋ ಚಿತ್ರ) ಇದೆ. ಆದ್ರೆ ಅವರು ಮೊದಲೇ ಮಾಡಿಟ್ಟಿರೋ ಜೋಡಿಗಳನ್ನ ಮಾತ್ರ ನೋಡಬಹುದು, ನಿಮ್ಮ ಫೈಲ್ ಅಪ್‌ಲೋಡ್ ಮಾಡೋಕಾಗಲ್ಲ. ಸ್ವಂತ ಫೈಲಿಗೆ ಫ್ರಾನ್ಸಿನವರ ಡಿ-ಜೀನೀಸ್ ಇದೆ, ಎರಡು ಫಾಸ್ಟಾ (ಸೀಕ್ವೆನ್ಸ್ ಇರೋ ಫೈಲ್) ಕೊಟ್ರೆ ಅವರ ಸರ್ವರಲ್ಲೇ ಮಿನಿಮ್ಯಾಪ್ ಅನ್ನೋ ಹೋಲಿಸೋ ಪ್ರೋಗ್ರಾಂ ಓಡಿಸಿ ಡಾಟ್ ಪ್ಲಾಟ್ ಕೊಡುತ್ತೆ. ಆದ್ರೆ ಡಿಎನ್ಎ ಅಕ್ಷರಗಳನ್ನೇ ನೇರ ಹೋಲಿಸೋದು ಹತ್ತಿರದ ಸಂಬಂಧಿಗಳಿಗೆ ಸರಿ, ಉದಾಹರಣೆಗೆ ರಾಗಿಗೂ ಅದರ ಕಾಡುಸಂಬಂಧಿ ಎಲ್ಯೂಸಿನ್ ಇಂಡಿಕಾಗೂ. ಭತ್ತ ರಾಗಿ ಬೇರೆಯಾಗಿ ಕೋಟಿಗಟ್ಟಲೆ ವರ್ಷ ಆಗಿದೆ, ಜೀನ್‌ಗಳ ನಡುವಿನ ಜಾಗ ಎಲ್ಲ ಬದಲಾಗಿ ಅಲ್ಲೊಂದು ಇಲ್ಲೊಂದು ಚುಕ್ಕಿ ಬಿಟ್ರೆ ಏನೂ ಕಾಣಲ್ಲ.

ಅದಕ್ಕೆ ನಿಮಗೆ ಬೇಕಾಗಿರೋದು ಪ್ರೋಟೀನ್ ಮಟ್ಟದ ಹೋಲಿಕೆ, ಆರ್ಥೋವೆನ್3 ನೋಡಿ. 2015ರಲ್ಲಿ ಶುರುವಾದಾಗ ಯಾವ ಜಾತಿಗೆ ಎಷ್ಟು ಜೀನ್ ಗುಂಪು ಸಮಾನ ಅಂತ ವೆನ್ ಚಿತ್ರ ಬಿಡಿಸೋದು ಅದರ ಮುಖ್ಯ ಕೆಲಸ. 2023ರ ಮೂರನೇ ಆವೃತ್ತಿಯಲ್ಲಿ ವಂಶವೃಕ್ಷ, ಜೀನ್ ಕುಟುಂಬ ಬೆಳೆದಿದ್ದು ಕುಗ್ಗಿದ್ದು, ಕೊಲಿನಿಯಾರಿಟಿ (ಎರಡು ಜೀನೋಮಲ್ಲೂ ಜೀನ್‌ಗಳು ಅದೇ ಸಾಲಿನಲ್ಲಿರೋದು) ಎಲ್ಲ ಒಂದೇ ಕಡೆ ಬಂದಿದೆ. ಕೊಲಿನಿಯಾರಿಟಿಗೆ ಯಾವ ಜೀನ್ ಎಲ್ಲಿದೆ ಅಂತ ಹೇಳೋ ಜಿಎಫ್ಎಫ್ ಫೈಲೂ ಬೇಕು, ಅದರಲ್ಲಿರೋ ಐಡಿ ಪ್ರೋಟೀನ್ ಫೈಲಿನ ಐಡಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು, ಹುಡುಗರು ಸಿಕ್ಕಿಹಾಕಿಕೊಳ್ಳೋದು ಹೆಚ್ಚಾಗಿ ಇಲ್ಲೇ. ಒಂದು ಜೀನಿಗೆ ಒಂದೇ ಪ್ರೋಟೀನ್, ಅತಿ ಉದ್ದದ್ದು, ಇಟ್ಟುಕೊಳ್ಳಿ. ಎಲ್ಲಾ ಐಸೋಫಾರ್ಮ್ (ಒಂದೇ ಜೀನಿನ ಬೇರೆ ಬೇರೆ ಪ್ರೋಟೀನ್ ರೂಪಗಳು) ಹಾಕಿದ್ರೆ ಒಂದೇ ಜೀನು ನಾಲ್ಕೈದು ಆಗಿ ಎಣಿಕೆ ಆಗುತ್ತೆ.

ರಾಗಿಯಲ್ಲಿ ಇನ್ನೊಂದು ಮುಖ್ಯ ವಿಷಯ ಇದೆ, ಇದನ್ನ ದಯವಿಟ್ಟು ಬಿಡಬೇಡಿ. ಎ, ಬಿ ಎರಡೂ ಸೇರಿಸಿ ಒಂದೇ ಜಾತಿ ಅಂತ ಕೊಟ್ರೆ ಪ್ರತಿ ಜೀನಿಗೂ ಎರಡು ಕಾಪಿ ಇರೋದ್ರಿಂದ ಭತ್ತದ ಮುಂದೆ ಎಲ್ಲಾ ಕುಟುಂಬವೂ ಬೆಳೆದಂಗೆ ತೋರಿಸುತ್ತೆ. ಅದು ಜೀನೋಮ್ ಎರಡಾಗಿದ್ದರ ಗುರುತೇ ಹೊರತು ರಾಗಿಯ ಬರ ತಡೆಯೋ ಗುಟ್ಟಲ್ಲ. ಎ ಒಂದು ಜಾತಿ, ಬಿ ಇನ್ನೊಂದು ಜಾತಿ ಅಂತ ಬೇರೆ ಮಾಡಿ ಕೊಡಿ. ಅಸೆಂಬ್ಲಿ, ಅಂದ್ರೆ ತುಂಡುಗಳನ್ನ ಜೋಡಿಸಿ ಕಟ್ಟಿದ ಜೀನೋಮ್, ಆರಿಸೋದರಲ್ಲೂ ಹುಷಾರು. ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 2017ರಲ್ಲಿ ಎಂಎಲ್-365 ತಳಿಯ ಡ್ರಾಫ್ಟ್ ಜೀನೋಮ್ ಕೊಟ್ರು, ಅದು ಹೆಮ್ಮೆಯ ಕೆಲಸ, ಜೀನ್ ಹುಡುಕೋಕೆ ಈಗಲೂ ಬಳಸಬಹುದು. ಆದ್ರೆ ಅದು ಸಣ್ಣ ಸಣ್ಣ ತುಂಡುಗಳಲ್ಲಿದೆ, ಸಿಂಟೆನಿ (ಕ್ರೋಮೋಸೋಮ್ ಭಾಗಗಳ ಹೊಂದಾಣಿಕೆ) ನೋಡೋಕೆ ಕ್ರೋಮೋಸೋಮ್ ಮಟ್ಟದ್ದೇ ಬೇಕು, ಫೈಟೋಜೋಮ್ ಅನ್ನೋ ಗಿಡಗಳ ಜೀನೋಮ್ ತಾಣದಲ್ಲಿ ಕೆಎನ್ಇ 796 ತಳಿಯದು ಇದೆ.

ಚಿತ್ರದಲ್ಲಿ ಒಂದು ಕ್ರೋಮೋಸೋಮ್ ಪೂರ್ತಿ ಉಲ್ಟಾ ಕಂಡ್ರೆ ಇನ್ವರ್ಷನ್ (ಡಿಎನ್ಎ ತುಂಡು ತಿರುಗಿ ಕೂತಿರೋದು) ಸಿಕ್ಕಿತು ಅಂತ ಖುಷಿಪಡಬೇಡಿ, ಅಸೆಂಬ್ಲಿ ಮಾಡಿದೋರು ಆ ತುದಿಯಿಂದ ನಂಬರ್ ಹಾಕಿರ್ತಾರೆ ಅಷ್ಟೇ. ಮಧ್ಯದ ಒಂದು ಭಾಗ ಮಾತ್ರ ತಿರುಗಿದ್ರೆ ಆಗ ನೋಡೋಣ.

ಪ್ರಶ್ನೆ (ಶಿವಮೊಗ್ಗದಿಂದ ಉಪನ್ಯಾಸಕಿ): ನಮ್ಮ ಪ್ರಾಕ್ಟಿಕಲ್ ಮ್ಯಾನುಯಲ್‌ನಲ್ಲಿರೋ ಹೋಮೋಲೋಜೀನ್, ಮ್ಯಾಪ್ ವ್ಯೂವರ್, ಅಸೆಂಬ್ಲಿ ಪೇಜು ಯಾವುದೂ ಈಗ ಓಪನ್ ಆಗ್ತಿಲ್ಲ, ಏನು ಮಾಡೋದು?

ಉತ್ತರ: ಮ್ಯಾನುಯಲ್ ಬದಲಾಯಿಸಲೇಬೇಕು ಮೇಡಂ. ಮ್ಯಾಪ್ ವ್ಯೂವರ್ ಜಾಗಕ್ಕೆ ಜೀನೋಮ್ ಡೇಟಾ ವ್ಯೂವರ್ ಬಂದಿದೆ, ಅಸೆಂಬ್ಲಿ ಪೇಜು ಎನ್‌ಸಿಬಿಐ ಡೇಟಾಸೆಟ್ಸ್ ಒಳಗೆ ಸೇರಿಹೋಗಿದೆ. ಬೇರೆ ಬೇರೆ ಜಾತಿಗಳ ಸಮಾನ ಜೀನ್‌ಗಳನ್ನ ಪಟ್ಟಿ ಮಾಡೋ ಹೋಮೋಲೋಜೀನ್ ಡೇಟಾ ಅಪ್‌ಡೇಟ್ ಆಗಿದ್ದು ಕೊನೇದಾಗಿ 2014ರಲ್ಲಿ, ಅದನ್ನ ಇನ್ನೂ ಕಲಿಸ್ತಿದ್ರೆ ಮಕ್ಕಳಿಗೆ ಹಳಸಿದ ಮಾಹಿತಿ ಕೊಟ್ಟಂಗೆ. ಪ್ರಾಣಿಗಳಿಗೆ ಎನ್‌ಸಿಬಿಐ ಜೀನ್ ಪೇಜಿನ ಆರ್ಥೋಲಾಗ್ಸ್ (ಬೇರೆ ಜಾತಿಗಳಲ್ಲಿರೋ ಅದೇ ಜೀನ್) ನೋಡಿ, ಗಿಡಗಳಿಗೆ ಎನ್ಸೆಂಬಲ್ ಪ್ಲಾಂಟ್ಸ್. ಮುಂದೆ ಹೀಗಾಗಬಾರದು ಅಂದ್ರೆ ಮ್ಯಾನುಯಲ್‌ನಲ್ಲಿ ಲಿಂಕಿನ ಜೊತೆ ಜೀನೋಮಿನ ಅಕ್ಸೆಶನ್ ನಂಬರೂ ಹಾಕಿ, ಜಿಸಿಎ ಅಥವಾ ಜಿಸಿಎಫ್ ಇಂದ ಶುರುವಾಗೋದು, ಚುಕ್ಕಿ ಆದಮೇಲೆ ಬರೋ ಅಂಕಿ ಸಮೇತ, ಆ ಅಂಕೀನೇ ವರ್ಷನ್. ಪೇಜು ಎಲ್ಲಿಗೆ ಹೋದ್ರೂ ಆ ನಂಬರಲ್ಲಿ ಹುಡುಕಬಹುದು.

ಪ್ರಶ್ನೆ (ಮಂಗಳೂರಿಂದ ಜೆನೆಟಿಕ್ ಲ್ಯಾಬಿನ ಓದುಗರು): ಸಸ್ತನಿಗಳ ಅಲೈನ್‌ಮೆಂಟ್ ಟ್ರ್ಯಾಕ್ ಒಂದು ಕಡೆ 240 ಅಂತಾರೆ, ಇನ್ನೊಂದು ಕಡೆ 241. ಯಾವುದು ಸರಿ? ನಮ್ಮ ವೇರಿಯಂಟ್ (ಡಿಎನ್ಎ ಅಕ್ಷರದ ಬದಲಾವಣೆ) ನೋಡೋಕೆ ಬಳಸಬಹುದಾ?

ಉತ್ತರ: ಎರಡೂ ಸರಿ. 2023ರಲ್ಲಿ ಬಂದ ಸಸ್ತನಿಗಳ ಜೀನೋಮ್ ಹೋಲಿಸೋ ಜೂನೋಮಿಯಾ ಯೋಜನೆಯ ಕೆಲಸದಲ್ಲಿ ಜಾತಿಗಳು 240, ಆದ್ರೆ ನಾಯಿಯ ಜೀನೋಮ್ ಎರಡಿರೋದ್ರಿಂದ ಜೀನೋಮ್‌ಗಳು 241. ಯುಸಿಎಸ್‌ಸಿ ಬ್ರೌಸರಲ್ಲಿ (ಜೀನೋಮ್ ತೆರೆದು ನೋಡೋ ವೆಬ್‌ಸೈಟಲ್ಲಿ) ಅದರ ಫೈಲೋಪಿ ಸ್ಕೋರ್ ಹಾಕಿಕೊಂಡು ನೋಡಿ, ಸ್ಕೋರ್ ಜಾಸ್ತಿ ಇದ್ರೆ ಆ ಒಂದು ಅಕ್ಷರ ಇಷ್ಟು ಜಾತಿಗಳಲ್ಲೂ ಬದಲಾಗದೆ ಉಳಿದಿದೆ ಅಂತ ಅರ್ಥ. ಬಳಸಿ, ಆದ್ರೆ ಅದೊಂದನ್ನೇ ನೋಡಿ ರೋಗಕ್ಕೆ ಇದೇ ಕಾರಣ ಅಂತ ರಿಪೋರ್ಟ್ ಬರೀಬೇಡಿ, ಸ್ಕೋರ್ ಕಮ್ಮಿ ಇದೆ ಅಂತ ತಳ್ಳಿಹಾಕಲೂಬೇಡಿ, ಮನುಷ್ಯ ಮತ್ತು ಕಪಿಗಳಲ್ಲಿ ಮಾತ್ರ ಕೆಲಸ ಮಾಡೋ ಭಾಗಗಳೂ ಇರ್ತವೆ. ಆ ಟ್ರ್ಯಾಕ್ ಇರೋದು ಎಚ್‌ಜಿ38 (ಮನುಷ್ಯರ ರೆಫರೆನ್ಸ್ ಜೀನೋಮಿನ ಒಂದು ಆವೃತ್ತಿ) ಮೇಲೆ. ನಿಮ್ಮ ಫೈಲ್ ಅದಕ್ಕಿಂತ ಹಳೇ ಎಚ್‌ಜಿ19ರದ್ದಾಗಿದ್ರೆ ಮೊದಲು ಲಿಫ್ಟ್‌ಓವರ್ (ಹಳೇ ಆವೃತ್ತಿಯ ಜಾಗದ ನಂಬರನ್ನ ಹೊಸದಕ್ಕೆ ಬದಲಿಸೋದು) ಮಾಡ್ಕೊಳ್ಳಿ, ಮಾಡಿದ ಮೇಲೆ ಹೊಸ ಜಾಗದ ರೆಫರೆನ್ಸ್ ಅಕ್ಷರ ನಿಮ್ಮ ಫೈಲಲ್ಲಿರೋ ರೆಫರೆನ್ಸ್ ಅಕ್ಷರಕ್ಕೆ ಹೊಂದುತ್ತಾ ಅಂತ ಒಂದೊಂದಾಗಿ ನೋಡಿ. ಹೊಂದದೇ ಇರೋ ವೇರಿಯಂಟ್‌ಗಳನ್ನ ಪಕ್ಕಕ್ಕಿಟ್ಟು ಕೈಯಾರೆ ಪರಿಶೀಲಿಸಿ, ಅಲ್ಲಿ ಡಿಎನ್ಎ ಎಳೆಯ ದಿಕ್ಕು ತಿರುಗಿರಬಹುದು, ಇಲ್ಲಾ ರೆಫರೆನ್ಸೇ ತಿದ್ದುಪಡಿ ಆಗಿರಬಹುದು.