ಹಿಟ್ಸ್ ಸಂಕಲನದಲ್ಲಿ ಒಂದು ಹಾಡು ಜೋರು, ಇನ್ನೊಂದು ಮೆತ್ತಗೆ: ಸರಿಮಾಡೋದು ಹೇಗೆ?

ಮೈಸೂರಿನ ನಿಮ್ಮ ರಾಕ್ ಬ್ಯಾಂಡ್‌ನ ಹಳೇ ಆಲ್ಬಂಗಳಿಂದ ಹನ್ನೊಂದು ಹಾಡು, ಜೊತೆಗೆ ಯುವ ದಸರಾದಲ್ಲಿ ಹಾಡಿದ ಒಂದು ಲೈವ್ ಸೇರಿಸಿದ್ದೀರಿ. ಎಲ್ಲವನ್ನೂ ನಾರ್ಮಲೈಸ್ ಮಾಡಿದರೂ ಸಮ ಬರ್ತಿಲ್ಲ, ಇದೇ ಫೈಲನ್ನು ಎಲ್‌ಪಿಗೂ (ವಿನೈಲ್ ತಟ್ಟೆಗೂ) ಕೊಡಬಹುದಾ ಅಂತ ಕೇಳಿದ್ದೀರಿ. ಕೊಡಬೇಡಿ. ಕಾರಣ ಆಮೇಲೆ.

ನೀವು ಮಾಡಿರೋದು ಪೀಕ್ ನಾರ್ಮಲೈಸ್, ಅಂದರೆ ಪ್ರತಿ ಹಾಡಿನ ಅತಿ ಜೋರಿನ ಕ್ಷಣವನ್ನು ಒಂದೇ ಮಟ್ಟಕ್ಕೆ ತರೋದು. ಹಳೇ ಹಾಡಿನಲ್ಲಿ ಒಂದೇ ಒಂದು ಸ್ನೇರ್ ಡ್ರಮ್ ಏಟು 0 ಡಿಬಿ (ಡಿಜಿಟಲ್ ಫೈಲಿನ ಗರಿಷ್ಠ ಮಟ್ಟ) ಮುಟ್ಟಿದರೂ ಸಾಕು, ಇಡೀ ಹಾಡು ಅಲ್ಲಿಂದ ಮೇಲೇರಲ್ಲ. ಲಿಮಿಟರ್‌ನಲ್ಲಿ (ಪೀಕ್‌ಗಳನ್ನು ತಡೆದು ಒಟ್ಟು ಸದ್ದು ಏರಿಸೋ ಸಾಧನ) ಅದುಮಿದ ಹೊಸ ಹಾಡಿನ ಪೀಕೂ ಅಷ್ಟೇ, ಆದರೆ ಕಿವಿಗೆ ಎಷ್ಟೋ ಜೋರು. ಅಳೆಯಬೇಕಾದ್ದು ಕಿವಿಗೆ ಎಷ್ಟು ಜೋರು ಅಂತ ತೋರಿಸೋ ಎಲ್‌ಯುಎಫ್‌ಎಸ್ ಮೀಟರ್‌ನಲ್ಲಿ.

ಮೊದಲು ಮಾಸ್ಟರ್ ಆಗದ (ಬಿಡುಗಡೆಗೆ ಕೊನೇ ಹದ ಕೊಡದ) 24 ಬಿಟ್ ಮಿಕ್ಸ್ ಫೈಲುಗಳನ್ನು ಹುಡುಕಿ. ಯಾವ ಹಾಡಿನದು ಸಿಗಲಿಲ್ಲವೋ ಅದೇ ಅಳತೆಗೋಲು, ಉಳಿದವು ಅದರ ಹತ್ತಿರ ಬರಲಿ. ಅದುಮಿದ ಹಾಡನ್ನು ತಗ್ಗಿಸಬಹುದೇ ಹೊರತು ಮತ್ತೆ ಉಸಿರಾಡಿಸೋಕೆ ಆಗಲ್ಲ. ಬಹಳ ಜನ ಮಾಡೋದು ಇದರ ಉಲ್ಟಾ: ಹಳೇದನ್ನು ಹೊಸದರ ಮಟ್ಟಕ್ಕೆ ಎಳೀತಾರೆ, ಡ್ರಮ್ಸ್ ಚಪ್ಪಟೆಯಾಗುತ್ತೆ.

ಈಕ್ಯೂ (ಬೇಸ್, ಟ್ರೆಬಲ್ ಹೊಂದಿಸೋದು) ಮೊದಲು, ಮಟ್ಟ ಆಮೇಲೆ. ಈಕ್ಯೂ ಮುಟ್ಟಿದ ಕೂಡಲೇ ಮಟ್ಟವೂ ಬದಲಾಗುತ್ತೆ. ಮನೆಯ ರೂಮಿನಲ್ಲಿ ರೆಕಾರ್ಡ್ ಮಾಡಿದವುಗಳಲ್ಲಿ ಸಾಮಾನ್ಯವಾಗಿ 200ರಿಂದ 300 ಹರ್ಟ್ಜ್ ಹತ್ತಿರ ಗುಂಯ್ ಅನ್ನೋದು ಹೆಚ್ಚು. ಅಲ್ಲಿ 1–2 ಡಿಬಿ, ಅಕ್ಕಪಕ್ಕದ ಹರ್ಟ್ಜ್‌ಗಳೂ ಸೇರುವಂತೆ ಅಗಲವಾಗಿ ತೆಗೆಯಿರಿ. ಆಮೇಲೆ ಗಾಯಕನ ದನಿ ಹಾಡಿಂದ ಹಾಡಿಗೆ ಒಂದೇ ದೂರದಲ್ಲಿ ಕೇಳುವಂತೆ ಕೂರಿಸಿ. ಮೀಟರ್ ಒಂದೇ ಸಂಖ್ಯೆ ತೋರಿಸಬೇಕು ಅಂತಿಲ್ಲ, ನಿಧಾನದ ಹಾಡು 2 ಡಿಬಿ ಕೆಳಗಿದ್ದರೇನೇ ಚೆಂದ. ಲೈವ್ ಹಾಡಿನ ಚಪ್ಪಾಳೆಯನ್ನು ಕತ್ತರಿಸಬೇಡಿ, ನಾಲ್ಕೈದು ಸೆಕೆಂಡ್‌ನಲ್ಲಿ ಇಳಿಸಿ.

ಸ್ಪಾಟಿಫೈ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ ತಾನೇ ತಗ್ಗಿಸುತ್ತೆ, ಆಲ್ಬಂ ಆಗಿ ಕೇಳಿದಾಗ ನೀವಿಟ್ಟ ಏರಿಳಿತ ಹಾಗೇ ಉಳಿಯುತ್ತೆ. ಟ್ರೂ ಪೀಕ್ (ಪ್ಲೇ ಆಗುವಾಗಿನ ನಿಜವಾದ ಗರಿಷ್ಠ ಮಟ್ಟ) ಮೈನಸ್ 1 ಡಿಬಿ ಇರಲಿ. ಡಿದರ್ (ಬಿಟ್ ಇಳಿಸುವಾಗ ಸೇರಿಸೋ ಸಣ್ಣ ಮೊರೆತ) ಕೊನೆಗೆ, ಒಂದೇ ಸಲ.

ಇನ್ನು ಎಲ್‌ಪಿ. 33⅓ ಆರ್‌ಪಿಎಂನ 12 ಇಂಚಿನ ತಟ್ಟೆಯಲ್ಲಿ ಒಂದು ಬದಿಗೆ 18–20 ನಿಮಿಷವೇ ನೆಮ್ಮದಿ. ಹೆಚ್ಚು ತುಂಬಿದರೆ ಗೀರುಗಳನ್ನು ಒತ್ತೊತ್ತಾಗಿ ಕೊರೀಬೇಕು, ಅದಕ್ಕೆ ಮಟ್ಟ ತಗ್ಗಿಸಬೇಕು, ಆಗ ಚರಪರ ಸದ್ದು ಎದ್ದು ಕೇಳುತ್ತೆ. ಅಮೆರಿಕದ ಈಗಲ್ಸ್ ಬ್ಯಾಂಡ್‌ನ 1976ರ ಹಿಟ್ಸ್ ಸಂಕಲನದಲ್ಲಿ ಇರೋದು ಹತ್ತೇ ಹಾಡು, ಸುಮಾರು 43 ನಿಮಿಷ. ಕ್ವೀನ್ ಬ್ಯಾಂಡ್ 1981ರಲ್ಲಿ ಬ್ರಿಟನ್‌ನಲ್ಲಿ ಹದಿನೇಳು ಹಾಡು, ಸುಮಾರು 58 ನಿಮಿಷ, ಒಂದೇ ತಟ್ಟೆಗೆ ತುರುಕಿತು. ಅದು ನಿಮಗೆ ಮಾದರಿ ಬೇಡ. ಹನ್ನೆರಡು ಹಾಡು 40 ನಿಮಿಷ ಮೀರಿದರೆ ಎರಡು ಕೈಬಿಡಿ. ಜಗಳ ಆಗುತ್ತೆ, ಆಗಲಿ.

ಹಾಡಿನ ಸರದಿಯನ್ನು ತಟ್ಟೆಯೇ ಅರ್ಧ ತೀರ್ಮಾನಿಸುತ್ತೆ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೀರು ಓಡುತ್ತೆ, ಲೇಬಲ್ ಹತ್ತಿರ 21 ಅಷ್ಟೇ. ಅಷ್ಟೇ ಸದ್ದು ಅಲ್ಲಿ ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ಹಿಡೀಬೇಕು, ಹಾಗಾಗಿ ಸಿಂಬಲ್‌ಗಳೂ (ಡ್ರಮ್ಸ್‌ನ ತಾಳಗಳೂ) ‘ಸ’, ‘ಶ’ಗಳೂ ಅಲ್ಲೇ ಒಡೆಯೋದು. ಜೋರಿನವು ಬದಿಯ ಮೊದಲಿಗೆ, ನಿಧಾನದ್ದು ಕೊನೆಗೆ. ಎಲ್‌ಪಿಗೆ ಲಿಮಿಟರ್ ಇಲ್ಲದ ಬೇರೆ ಮಾಸ್ಟರ್ ಮಾಡಿಸಿ, ‘ಸ’, ‘ಶ’ಗಳ ಚುರುಕನ್ನು ತಗ್ಗಿಸೋ ಡಿ-ಎಸ್ಸರ್ ಹಾಕಿ, 100 ಹರ್ಟ್ಜ್‌ಗಿಂತ ಕೆಳಗಿನ ಬೇಸ್ ಮೋನೋ (ಎಡ-ಬಲ ಎರಡರಲ್ಲೂ ಒಂದೇ) ಇರಲಿ. ಎಡ-ಬಲ ಹಂಚಿದ ಬೇಸ್‌ಗೆ ಮುಳ್ಳು ಎಗರುತ್ತೆ. ಟೆಸ್ಟ್ ಪ್ರೆಸಿಂಗ್ (ಪರೀಕ್ಷೆಗೆ ಒತ್ತಿದ ಮೊದಲ ಪ್ರತಿ) ಬಂದಾಗ ಎರಡೂ ಬದಿಯ ಕೊನೇ ಹಾಡನ್ನೇ ಮೊದಲು ಕೇಳಿ. ಅವೆರಡು ಸರಿಯಿದ್ದರೆ ಒತ್ತಲು ಹೇಳಬಹುದು.